ಸ್ಟೇಜ್ 3 ಅಂದ್ರೆ ಏಡ್ಸ್ ಅಂತಾನೇ ಅಲ್ಲ

ಎಚ್‌ಐವಿ ಇರೋ ನಿಮ್ಮ ಭಾವನಿಗೆ ಶ್ವಾಸಕೋಶದ ಟಿಬಿ ಇದೆ, ಸಿಡಿ4 (ರೋಗನಿರೋಧಕ ಶಕ್ತಿ ಎಷ್ಟಿದೆ ಅಂತ ತೋರಿಸೋ ರಕ್ತಕಣಗಳ ಲೆಕ್ಕ) 410 ಇದ್ರೂ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಬುಕ್ಕಲ್ಲಿ ಸ್ಟೇಜ್ 3 ಅಂತ ಯಾಕೆ ಬರ್ದಿದಾರೆ, ಕೊನೇ ಹಂತ ಹತ್ರ ಬಂತಾ ಅಂತ ಕೇಳಿದ್ರಿ. ಕ್ಯಾನ್ಸರ್ ಸ್ಟೇಜ್ ಜೊತೆ ಇದನ್ನ ಹೋಲಿಸ್ಬೇಡಿ ಸರ್, ಎಲ್ರೂ ಮಾಡೋ ತಪ್ಪೇ ಅದು.

ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಲೆಕ್ಕದಲ್ಲಿ ಎಚ್‌ಐವಿ ಸ್ಟೇಜ್ ಹಾಕೋದು ಸಿಡಿ4 ನೋಡಿ ಅಲ್ಲ, ಯಾವ ಕಾಯಿಲೆ ಕಾಣಿಸ್ಕೊಂಡಿದೆ ಅಂತ ನೋಡಿ. ಏನೂ ತೊಂದ್ರೆ ಇಲ್ದಿದ್ರೆ 1, ಸರ್ಪಸುತ್ತು, ಪದೇಪದೇ ಬಾಯಿಹುಣ್ಣು ಥರದ್ದಾದ್ರೆ 2, ಶ್ವಾಸಕೋಶದ ಟಿಬಿ ಆಗ್ಲಿ ತಿಂಗಳುಗಟ್ಲೆ ನಿಲ್ಲದ ಭೇದಿ ಆಗ್ಲಿ ಬಂದ್ರೆ 3. ಅದೇ ಟಿಬಿ ಮಿದುಳಿಗೆ ಹೋಗಿದ್ರೆ 4 ಆಗ್ತಿತ್ತು, ಏಡ್ಸ್ ಅನ್ನೋದು ಸಾಮಾನ್ಯವಾಗಿ ಆ ನಾಲ್ಕನೇದಕ್ಕೆ ಇಲ್ಲಾ ಸಿಡಿ4 200ಕ್ಕಿಂತ ಕೆಳಗೆ ಬಿದ್ರೆ. ಟಿಬಿ ಮಾತ್ರ ಕಳ್ಳ, ಸಿಡಿ4 ಚೆನ್ನಾಗಿದ್ದಾಗ್ಲೂ ನುಗ್ಗುತ್ತೆ, ಅದಕ್ಕೇ ಈ ಗೊಂದಲ.

ಟಿಬಿ ವಾಸಿಯಾದ್ಮೇಲೂ ಬುಕ್ಕಲ್ಲಿ ಆ 3 ಹಾಗೇ ಇರ್ಬೋದು, ಶುರುವಲ್ಲಿ ಹೇಗಿದ್ರು ಅನ್ನೋ ದಾಖಲೆ ಅದು, ಗಾಬರಿ ಬೇಡ. ಎಚ್‌ಐವಿ ಮಾತ್ರೆ ಕೆಲ್ಸ ಮಾಡ್ತಿದೆಯಾ ಅಂತ ಗೊತ್ತಾಗೋದು ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ) ಟೆಸ್ಟಲ್ಲಿ.

ಇನ್ನೊಂದು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ: ಟಿಬಿಗೆ ರಿಫಾಂಪಿಸಿನ್ ತಗೋತಿದ್ರೆ ಅದು ಡೋಲುಟೆಗ್ರಾವಿರ್ ಅನ್ನೋ ಎಚ್‌ಐವಿ ಮಾತ್ರೆ ಪವರ್ ಕಮ್ಮಿ ಮಾಡುತ್ತೆ, ಅದಕ್ಕೆ 12 ಗಂಟೆ ಬಿಟ್ಟು ಇನ್ನೊಂದು 50 ಎಂಜಿ ಡೋಲುಟೆಗ್ರಾವಿರ್ ಕೊಡ್ತಾರೆ. ಭಾವ ಡೋಲುಟೆಗ್ರಾವಿರ್ ದಿನಕ್ಕೆ ಒಂದೇ ಸಲ ತಗೋತಿದ್ರೆ ನಾಳೆನೇ ಎಆರ್‌ಟಿ ಸೆಂಟರಲ್ಲಿ ಕೇಳಿ, ನೀವಾಗೇ ಡೋಸ್ ಬದಲಾಯಿಸ್ಬೇಡಿ.