ಹಳೇ ಆರ್‌ಎಕ್ಸ್ 580 ಕಾರ್ಡಿನ ಮೈನಿಂಗ್ ರಿಗ್: ಹಾಕಿದ ರೊಕ್ಕ ಎಷ್ಟು ತಿಂಗಳಿಗೆ ವಾಪಸ್ ಬರ್ತದ?

ಗದಗಿನಾಗ ಆರು ಗ್ರಾಫಿಕ್ಸ್ ಕಾರ್ಡಿನ ಮೈನಿಂಗ್ ರಿಗ್ (ಕ್ರಿಪ್ಟೋ ಕಾಯಿನ್ ಗಳಿಸಲಿಕ್ಕೆ ಹಗಲು ರಾತ್ರಿ ಲೆಕ್ಕ ಬಿಡಿಸೋ ಕಂಪ್ಯೂಟರ್) ಸಿಗ್ತದ, ತಗೊಳ್ಳಲೇನು ಅಂತ ಕೇಳೀರಿ. ಬ್ಯಾಡ್ರಿ. ಇದೇ 8 ಜಿಬಿ ಕಾರ್ಡು ಆರು ಕೂಡಿಸಿ 2021ರಾಗ ಹುಬ್ಬಳ್ಳಿ ಮನಿಯಾಗ ನಾನೂ ಓಡಿಸೇನಿ.

ನನ್ನ ತಪ್ಪು ಒಂದ: ಸಾಫ್ಟ್‌ವೇರ್ ತೋರಿಸಿದ ವ್ಯಾಟ್ ನಂಬಿದ್ದು. ಕಾರ್ಡಿಗೆ 90 ಅಂತ ತೋರಸ್ತಿತ್ತು. ಆರಕ್ಕ 540, ಮದರ್‌ಬೋರ್ಡು ಪ್ರೊಸೆಸರಿಗೆ 60, ಒಟ್ಟು 600 ಅಂತ ಹಿಡಿದೆ. ಖರೆ ಅಂದರ ಅದು ಕಾರ್ಡಿನ ಮುಖ್ಯ ಚಿಪ್ಪಿನ (ಜಿಪಿಯು) ವ್ಯಾಟ್ ಅಷ್ಟ. ಮೆಮೊರಿ, ಫ್ಯಾನು, ವೋಲ್ಟೇಜ್ ಇಳಿಸೋ ಸರ್ಕ್ಯೂಟಿನ ನಷ್ಟ ಸೇರಿದರ ಕಾರ್ಡಿಗೆ ಸುಮಾರು 130. ಆರು ಕಾರ್ಡು, ಬೋರ್ಡು ಸೇರಿ 840. ಪವರ್ ಸಪ್ಲೈನಾಗ ನೂರಕ್ಕ ಹತ್ತು ಬಿಸಿಯಾಗಿ ಹೋಗ್ತದ, ಹಿಂಗಾಗಿ ಸಾಕೆಟ್ಟಿನಿಂದ ಎಳಿಯೋದು 933. ತಿಂಗಳಿಗೆ 432 ಯೂನಿಟ್ ಅಂದುಕೊಂಡದ್ದು 672 ಆತು. ಮನಿ ಬಿಲ್ಲಿನಾಗ ಕೂಲರ್, ಪಂಪ್ ಎಲ್ಲಾ ಸೇರಿ ಬರೋದಕ್ಕ ಈ 240 ಯೂನಿಟ್ ಬ್ಯಾರೆ ಕಾಣಲಿಲ್ಲ. 2022ರ ಸೆಪ್ಟೆಂಬರ್ 15ಕ್ಕ ಈಥೀರಿಯಂ ಅನ್ನೋ ದೊಡ್ಡ ಕಾಯಿನ್ನಿನ ಮೈನಿಂಗ್ ನಿಂತ ಮ್ಯಾಲೂ ಅದೇ 600 ಹಿಡದು ಸಣ್ಣ ಕಾಯಿನ್ ಮ್ಯಾಲೆ ಎರಡು ತಿಂಗಳು ಓಡಿಸಿದೆ. ಲಾಭ ಅಂತ ಬರಕೊಂಡದ್ದೆಲ್ಲಾ ನಷ್ಟ.

‘ಎಷ್ಟು ತಿಂಗಳು’ ಅನ್ನೋ ಪ್ರಶ್ನೆನ ತಪ್ಪು ರೀ. ದಿನಾ ಏನರೆ ಉಳದರ ತಾನೆ ತಿಂಗಳು ಎಣಿಸೋದು? ಯೂನಿಟ್ಟಿಗೆ 8 ರೂಪಾಯಿ ಹಿಡದರ ತಿಂಗಳಿನ ಆ 672 ಯೂನಿಟ್ಟಿನ ಬಿಲ್ಲು 5,376. ಕಾಯಿನ್ 6,000ಕ್ಕ ಮಾರಿದಿರಿ ಅನ್ರಿ, ಕೈಯಾಗ ಉಳಿಯೋದು 624. ಆದರ 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಆದಾಯಕ್ಕ 30 ಪರ್ಸೆಂಟ್ ತೆರಿಗೆ. ಕರೆಂಟ್ ಬಿಲ್ಲಾಗಲಿ ಕಾರ್ಡಿನ ರೇಟಾಗಲಿ ಅದರಾಗ ಕಳಿಲಿಕ್ಕೆ ಬರಂಗಿಲ್ಲ. ತೆರಿಗೆನ 1,800, ಸೆಸ್ ಬ್ಯಾರೆ. ಸೆಸ್ ಬಿಟ್ಟು, ಬಿಲ್ಲು, ತೆರಿಗೆ ಎರಡೂ ಕಟ್ಟಿ ಏನರೆ ಉಳಿಬೇಕಂದ್ರ 7,680ರ ಮ್ಯಾಲೆ ಗಳಸಬೇಕು. ಕಾರ್ಡಿನ ರೊಕ್ಕ ಇನ್ನೂ ಇದಕ್ಕ ಹಿಡಿದಿಲ್ಲ.

ಇಷ್ಟರ ಮ್ಯಾಲೂ ನೋಡಲಿಕ್ಕೆ ಹೋಗೋದಿದ್ದರ ರೈಸರ್‌ಗೆ (ಕಾರ್ಡನ್ನ ಮದರ್‌ಬೋರ್ಡಿಗೆ ಜೋಡಿಸೋ ಸಣ್ಣ ಬೋರ್ಡಿಗೆ) ಯಾವ ಕರೆಂಟ್ ವೈರ್ ಅದ ಮೊದಲ ನೋಡ್ರಿ. ರೈಸರ್ 75 ವ್ಯಾಟ್‌ವರೆಗೂ ಎಳಿಬಹುದು, ಸಾಟಾ ಕನೆಕ್ಟರ್ (ಹಾರ್ಡ್ ಡಿಸ್ಕಿಗೆ ಹಾಕೋ ನಮೂನಿದು) ತಡಿಯೋದು 54. ಕರಗಿ ಬೆಂಕಿ ಹತ್ತೋದು ಅಲ್ಲೇ. 6 ಪಿನ್ ವೈರ್ ಇರಬೇಕು. ಕಾರ್ಡಿನ ವಿವರ ತೋರಸೋ ಜಿಪಿಯು-ಝಡ್ ಸಾಫ್ಟ್‌ವೇರ್‌ನಾಗ ಶೇಡರ್ (ಚಿಪ್ಪಿನಾಗಿನ ಲೆಕ್ಕ ಮಾಡೋ ಘಟಕ) 2304 ಇರಬೇಕು, 2048 ಬಂದರ ಅದು ಪೂರಾ 580 ಅಲ್ಲ. ಸಾಕೆಟ್ಟಿಗೆ ಹಾಕೋ ವ್ಯಾಟ್ ಮೀಟರ್ ಒಯ್ಯಿರಿ, ಅರ್ಧ ತಾಸು ಮೈನಿಂಗ್ ಓಡಿಸಲಿಕ್ಕೆ ಹಚ್ಚಿ ಅದರಾಗಿನ ಅಂಕಿ ಬರಕೊಳ್ರಿ. ಲೆಕ್ಕ ಹಾಕೋದು ಅದರ ಮ್ಯಾಲೆ, ಮಾರಾವ ತೋರಿಸೋ ಸ್ಕ್ರೀನಿನ ಮ್ಯಾಲೆ ಅಲ್ಲ.