ಬ್ಯಾಂಕಿನ ಮೇಲೆ ಕುಳಿತವರು

ಓದುಗರ ಪತ್ರ: ಏಳನೆಯ ಕ್ಲಾಸಿನ ನನ್ನ ಮೊಮ್ಮಗಳು ಇಂಗ್ಲಿಷ್ ಪಾಠದ ಒಂದು ವಾಕ್ಯವನ್ನು ಕನ್ನಡಕ್ಕೆ ತಂದು ‘ಅವರು ಬ್ಯಾಂಕಿನ ಮೇಲೆ ಕುಳಿತರು’ ಎಂದು ಬರೆದಳು. ಮೇಷ್ಟ್ರು ಕೆಂಪು ಗೀಟು ಎಳೆದು ‘ಹೊಳೆಯ ದಂಡೆ’ ಎಂದು ತಿದ್ದಿದ್ದಾರೆ. ಹಿಂದೆ ಸಾಹುಕಾರರು ಹೊಳೆಬದಿಯಲ್ಲಿ ಕೂತು ಸಾಲ ಕೊಡುತ್ತಿದ್ದರು, ಅದಕ್ಕೇ ಇಂಗ್ಲಿಷಿನಲ್ಲಿ ಹೊಳೆಯ ದಂಡೆಗೂ ಹಣದ ಬ್ಯಾಂಕಿಗೂ ‘ಬ್ಯಾಂಕ್’ ಎಂಬ ಒಂದೇ ಹೆಸರು ಎನ್ನುತ್ತಾರೆ ನನ್ನ ಗೆಳೆಯರು. ಹೌದೇ? (ಓದುಗರೊಬ್ಬರು, ಕದ್ರಿ, ಮಂಗಳೂರು)

ಸಂಪಾದಕರ ಉತ್ತರ: ನಿಮ್ಮ ಗೆಳೆಯರ ಕತೆ ಚೆನ್ನಾಗಿದೆ, ಆದರೆ ನಿಜವಲ್ಲ. ಹಣದ ಬ್ಯಾಂಕ್ ಹುಟ್ಟಿದ್ದು ಹೊಳೆಬದಿಯಲ್ಲಲ್ಲ, ಬೆಂಚಿನ ಮೇಲೆ. ಇಟಲಿಯ ಪೇಟೆಗಳಲ್ಲಿ ನಾಣ್ಯ ಬದಲಿಸಿಕೊಡುವವರು ಒಂದು ಬೆಂಚು ಹಾಕಿಕೊಂಡು ವ್ಯವಹಾರ ನಡೆಸುತ್ತಿದ್ದರು. ಆ ಬೆಂಚಿಗೆ ಅವರ ಭಾಷೆಯಲ್ಲಿ ‘ಬಾಂಕಾ’. ಕುಳಿತವರ ಕಸುಬಿಗೂ ಅದೇ ಹೆಸರು ಅಂಟಿಕೊಂಡು, 15ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ವ್ಯವಹಾರ ಮುಳುಗಿದರೆ ‘ಬಾಂಕಾ ರೋತ್ತಾ’, ಅಂದರೆ ಮುರಿದ ಬೆಂಚು. ಇಂದಿನ ‘ಬ್ಯಾಂಕ್ರಪ್ಟ್’ ಅದರಿಂದಲೇ ಬಂದದ್ದು. ದಿವಾಳಿಯಾದವನ ಬೆಂಚನ್ನು ನಿಜಕ್ಕೂ ಒಡೆದು ಹಾಕುತ್ತಿದ್ದರು ಎಂಬ ಕತೆಯೂ ಇದೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ನಮ್ಮಲ್ಲಿ ‘ಮನೆ ಮುರಿಯಿತು’ ಎಂದಾಗ ಯಾರೂ ಹಾರೆ ಹಿಡಿದಿರುವುದಿಲ್ಲವಲ್ಲ.

ಹೊಳೆಯ ‘ಬ್ಯಾಂಕ್’ ಇದಕ್ಕಿಂತ ಹಳಬ. ಸುಮಾರು 1200ರ ಹೊತ್ತಿಗೇ ಇಂಗ್ಲಿಷಿನಲ್ಲಿತ್ತು, ಬಂದದ್ದು ಉತ್ತರದ ಸ್ಕ್ಯಾಂಡಿನೇವಿಯಾ ಕಡೆಯ ಮಾತಿನಿಂದ. ಆದರೆ ಇಬ್ಬರಿಗೂ ಅಜ್ಜ ಒಬ್ಬನೇ. ಇಟಲಿಯವರು ತಮ್ಮ ಬಾಂಕಾವನ್ನು ಪಡೆದದ್ದೂ ಸ್ಕ್ಯಾಂಡಿನೇವಿಯಾದ ಮಾತು ಸೇರಿರುವ ಜರ್ಮಾನಿಕ್ ಭಾಷಾ ಬಳಗದಿಂದಲೇ. ಬೆಂಚಿನ ಹಾಗೆ ಎತ್ತರಿಸಿದ ಜಾಗ ಎಂಬ ಅರ್ಥದಿಂದ ದಂಡೆಯೂ ಹುಟ್ಟಿತು. ‘ಬೆಂಚ್’ ಪದವೂ ಆ ಮನೆಯದೇ ಕೂಸು. ನಾವು ಮದುವೆಯ ಊಟಕ್ಕೆ ಹೋಗುವ ‘ಬ್ಯಾಂಕ್ವೆಟ್ ಹಾಲ್’ ಕೂಡ ಹತ್ತಿರದ ನೆಂಟ, ‘ಪುಟ್ಟ ಬೆಂಚು’ ಎಂಬ ಇಟಾಲಿಯನ್ ಪದದಿಂದ ಬಂದದ್ದು.

ಬ್ಯಾಂಕುಗಳ ತವರು ಎನಿಸಿಕೊಂಡ ನಮ್ಮ ಜಿಲ್ಲೆಗಳಲ್ಲಿ ಈ ಪದದ ದಾರಿಯೇ ಬೇರೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕಟ್ಟಿದ ಸಂಸ್ಥೆಯ ಹೆಸರಿನಲ್ಲಿ ‘ಬ್ಯಾಂಕ್’ ಇರಲೇ ಇಲ್ಲ. ಅದು ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’. 1910ರಲ್ಲಿ ಕೆನರಾ ಬ್ಯಾಂಕ್ ಆಯಿತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು 1928ರಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ ಶುರು ಮಾಡಿ, ದಿನಕ್ಕೆ 2 ಆಣೆ ವಸೂಲಿಗೆ ಮನೆಮನೆಗೆ ಜನ ಕಳಿಸಿತು. ಬೆಂಚು ಬಿಟ್ಟು ಎದ್ದು ನಡೆದ ಬ್ಯಾಂಕ್ ಎಂದರೆ ಅದೇ ಇರಬೇಕು. ಪಿಗ್ಮಿಯವರು ಬರುವ ಹೊತ್ತಿಗೆ ನನ್ನ ಅಜ್ಜಿ ಚಿಲ್ಲರೆ ಎಣಿಸಿ ಜಗಲಿಯ ಅಂಚಿನಲ್ಲಿ ಇಟ್ಟಿರುತ್ತಿದ್ದರು.

ಇನ್ನು ನಿಮ್ಮ ಮೊಮ್ಮಗಳ ವಾಕ್ಯ. ಪೋರ್ಚುಗೀಸರ ‘ಬಾಂಕು’ ಕರಾವಳಿಯ ಕೊಂಕಣಿಯಲ್ಲಿ ‘ಬಾಂಕ್’ ಆಗಿ ಉಳಿದಿದೆ, ಅರ್ಥ ಇವತ್ತಿಗೂ ಬೆಂಚು. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮಕ್ಕಳಿಗೆ ‘ಬಾಂಕಾರ್ ಬಸ್’ ಎಂದರೆ ಅವರು ಬೆಂಚಿನ ಮೇಲೆ ಕೂರುತ್ತಾರೆ, ಸಾಲ ಕೇಳಲು ಹೋಗುವುದಿಲ್ಲ. ಮೇಷ್ಟ್ರು ತಿದ್ದಿದ್ದು ಸರಿಯೇ. ಆದರೆ ಅವರ ಮನೆಮಾತು ಕೊಂಕಣಿಯಾದರೆ, ಅರ್ಧ ಅಂಕ ಕೇಳಿ ನೋಡಲು ಹೇಳಿ.