ಸಿಗರೇಟಿನ ಗುರುತಲ್ಲ, ಸಾರಿನ ಸುಟ್ಟಗಾಯ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಕರಾವಳಿಯ ಕಾಲೇಜೊಂದರ ಎರಡನೇ ವರ್ಷದ ಬಿ.ಕಾಂ. ಹುಡುಗ. ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಅವನನ್ನು ಕಳಿಸುವಾಗ ಅಧ್ಯಾಪಕರು ಕೊಟ್ಟಿದ್ದ ಚೀಟಿಯಲ್ಲಿ ಹೀಗಿತ್ತು: "ಸೋಮವಾರ ಬರುವುದಿಲ್ಲ. ಬಂದರೆ ಹಿಂದಿನ ಬೆಂಚಿನಲ್ಲಿ ನಿದ್ದೆ. ಕಣ್ಣು ಕೆಂಪು. ಕೈ ಮೇಲೆ ಸಿಗರೇಟಿನ ಸುಟ್ಟ ಗುರುತು. ಎದುರುತ್ತರ ಕೊಡುತ್ತಾನೆ. ಚಟ ಇರಬಹುದು." ಹಾಜರಿ ಶೇ. 75ಕ್ಕಿಂತ ಕೆಳಗಿಳಿದು, ಪರೀಕ್ಷೆಗೆ ಕೂರಿಸುವುದಿಲ್ಲವೆಂಬ ಎಚ್ಚರಿಕೆಯೂ ಸಿಕ್ಕಿತ್ತು.

ಕುರ್ಚಿಯ ತುದಿಯಲ್ಲಿ ಕೂತವನು ಮೊದಲು ಕೇಳಿದ್ದು, "ಅಪ್ಪನನ್ನು ಕರೆಸ್ತೀರಾ ಮೇಡಂ?" ಚೀಟಿಯ ಮಾತು ಎತ್ತದೆ, ಕೈಗೇನಾಯ್ತು ಎಂದೆ. ಬಡಿಸುವಾಗ ಸಾರಿನ ಬಕೆಟ್ ತುಳುಕಿತ್ತಂತೆ. ಶನಿವಾರ, ಭಾನುವಾರ ಮದುವೆ ಹಾಲ್‌ಗಳಲ್ಲಿ ಕ್ಯಾಟರಿಂಗ್ ಕೆಲಸ. ಬಡಿಸಬೇಕು, ಪಂಕ್ತಿ ಎದ್ದ ಮೇಲೆ ಎಲೆ ತೆಗೆಯಬೇಕು, ಪಾತ್ರೆಗಳನ್ನು ಟೆಂಪೋಗೆ ಏರಿಸಬೇಕು. ರೂಮು ಸೇರುವಾಗ ರಾತ್ರಿ ಎರಡು ಗಂಟೆ. ಈ ಕಡೆ ಎಷ್ಟೋ ಹುಡುಗರು ಫೀಸು ಹೊಂದಿಸುವುದೇ ಹೀಗೆ. ಆದರೆ ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ.

ನಿದ್ದೆಗೆಟ್ಟದ್ದೇ ಕಾರಣವೆಂದು ನಾನು ಅಲ್ಲಿಗೇ ಬಿಡಲಿಲ್ಲ. ಕೆಲಸವಿಲ್ಲದ ದಿನವೂ ಬೆಳಗಿನ ಜಾವಕ್ಕೆ ಎಚ್ಚರವಾಗುತ್ತಿತ್ತು. ಊಟ ರುಚಿಸುತ್ತಿರಲಿಲ್ಲ. ವಾಲಿಬಾಲ್ ಬಿಟ್ಟು ತಿಂಗಳುಗಳಾಗಿದ್ದವು. "ಅಳು ಬರೋದಿಲ್ಲ ಮೇಡಂ, ಸಿಟ್ಟು ಬರುತ್ತೆ" ಎಂದ. ಈ ವಯಸ್ಸಿನ ಹುಡುಗರಲ್ಲಿ ಖಿನ್ನತೆ ಎಷ್ಟೋ ಸಲ ಸಿಡುಕಾಗಿಯೇ ಹೊರಬರುತ್ತದೆ. ನೋಡುವವರಿಗೆ ಅದು ಉಡಾಫೆ. ಹುಡುಗಿ ಮಂಕಾಗಿ ಕೂತರೆ ಏನಾಯ್ತಮ್ಮ ಎನ್ನುವ ನಾವು, ಹುಡುಗ ಸಿಡುಕಿದರೆ ಮೊದಲು ಅವನ ಜೇಬು ನೋಡುತ್ತೇವೆ. ಇದು ನನಗೆ ತುಂಬಾ ನೋವಿನ ಸಂಗತಿ.

"ಬದುಕೇ ಸಾಕು ಅನ್ನಿಸಿದೆಯಾ?" ಎಂದು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಎಂಬುದು ತಪ್ಪು ಕಲ್ಪನೆ. ಕೇಳಿದರೆ ಬಾಯಿ ಬಿಡಲು ಅವಕಾಶವಾಗುತ್ತದೆ. ತುಸು ಹೊತ್ತು ಬಿಟ್ಟು "ಒಮ್ಮೊಮ್ಮೆ" ಎಂದ. ಏನನ್ನೂ ಯೋಜಿಸಿರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1.70 ಲಕ್ಷ ಜನರಲ್ಲಿ 1.22 ಲಕ್ಷ ಮಂದಿ ಗಂಡಸರು. ಅಂಥ "ಒಮ್ಮೊಮ್ಮೆ"ಯನ್ನು ಹಗುರವಾಗಿ ಬಿಡುವಂತಿಲ್ಲ.

ಅವನ ಒಪ್ಪಿಗೆ ಪಡೆದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದೆವು, ಔಷಧಿ ಶುರುವಾಯಿತು. ಭಾನುವಾರದ ಕೆಲಸ ಬಿಡು, ಶನಿವಾರ ಸಾಕು ಎಂದೆ. ಕೈತಪ್ಪುವ ಹಣಕ್ಕೆ ದಾರಿಯೂ ಬೇಕಲ್ಲ? ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನಕ್ಕೆ ಅವನು ಅರ್ಜಿಯನ್ನೇ ಹಾಕಿರಲಿಲ್ಲ. ಜಾತಿ, ಆದಾಯ ಪ್ರಮಾಣಪತ್ರ ತರಿಸಿ ಕಚೇರಿಯವರ ಜೊತೆ ಕೂರಿಸಿದೆ. ರಾತ್ರಿ ಮನಸ್ಸು ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲು ಹೇಳಿದೆ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಅಪ್ಪನನ್ನು ಕರೆಸಿದ್ದು ಹುಡುಗ ಒಪ್ಪಿದ ಮೇಲೆ. "ಗಂಡು ಹುಡುಗ ಮೇಡಂ, ನಾಲ್ಕು ಬೈದ್ರೆ ಸರಿಹೋಗ್ತಾನೆ" ಎಂದರು. ಮಗ ಫೀಸಿಗಾಗಿ ಎಲೆ ತೆಗೆಯುತ್ತಿರುವುದು ಅವರಿಗೆ ತಿಳಿದೇ ಇರಲಿಲ್ಲ. ಬೈಯಬೇಡಿ, ದಿನಕ್ಕೊಮ್ಮೆ ಫೋನ್ ಮಾಡಿ, ಮಾರ್ಕ್ಸ್ ಬಿಟ್ಟು ಬೇರೇನಾದರೂ ಕೇಳಿ, ಮಾತ್ರೆಯನ್ನು ವೈದ್ಯರು ಹೇಳುವ ತನಕ ನಿಲ್ಲಿಸಬೇಡಿ ಎಂದೆ.

ಅಧ್ಯಾಪಕರಿಗೆ ಹೇಳಿದ್ದು ಇಷ್ಟೆ: ಚೀಟಿಯಲ್ಲಿ ಕಂಡದ್ದನ್ನು ಬರೆಯಿರಿ, ಊಹೆಯನ್ನು ಬರೆಯಬೇಡಿ, ಕಳಿಸುವ ಮುಂಚೆ ಒಮ್ಮೆ ಕಾರಣ ಕೇಳಿ, ಅದೂ ಕ್ಲಾಸಿನ ಎದುರಲ್ಲ. ಅವರು ಬೇಸರಿಸಲಿಲ್ಲ, ಹಾಜರಿಯ ವಿಷಯವನ್ನು ವೈದ್ಯಕೀಯ ಪತ್ರದೊಂದಿಗೆ ಪ್ರಾಂಶುಪಾಲರ ಬಳಿ ತಾವೇ ಒಯ್ದರು. ಹುಡುಗ ಆ ಸೆಮಿಸ್ಟರ್‌ನಲ್ಲಿ ಒಂದು ವಿಷಯದಲ್ಲಿ ಫೇಲಾದ. ನಿದ್ದೆ ಮರಳಿದೆ, ಚಿಕಿತ್ಸೆ ಇನ್ನೂ ನಡೆಯುತ್ತಿದೆ.